ಹಲ್ಲಿನ ಡಾಕ್ಟರ ಉಪ್ಪುನೀರಿನ ತೊಟ್ಟಿ

ಬೆಳಿಗ್ಗೆ ರಿಸೆಪ್ಷನಿಸ್ಟ್ ಬಾಗಿಲು ತೆರೆದಾಗ, ಕಾಯುವ ಕೋಣೆಯ ಹೊಸ ಉಪ್ಪುನೀರಿನ ತೊಟ್ಟಿಯಲ್ಲಿ ಒಂದು ಕಿತ್ತಳೆ ಮೀನು ಸತ್ತು ತೇಲುತ್ತಿತ್ತು. ಅದರ ಜೋಡಿ ಮೇಲೆ ಬಂದು ಬಾಯಿ ಬಿಡುತ್ತಿತ್ತು. ಹಲ್ಲಿನ ಆಸ್ಪತ್ರೆಯಲ್ಲಿ ಬಾಯಿ ಬಿಡುವುದು ಮಾಮೂಲಿ. ಇದು ಮಾತ್ರ ಪ್ರಾಣಸಂಕಟ.

"ಫಿನಾಯಿಲ್ ಬೀಳಿಸಿದ್ದೀಯ! ನಾಳೆಯಿಂದ ಬರಬೇಡ," ಎಂದು ಡಾಕ್ಟರು ರೋಗಿಗಳೆಲ್ಲರ ಎದುರೇ ನೆಲ ಒರೆಸುವಾಕೆಯ ಮೇಲೆ ಹರಿಹಾಯ್ದರು. ಆಕೆ ರಿಸೆಪ್ಷನಿಸ್ಟಳ ಸ್ವಂತ ಚಿಕ್ಕಮ್ಮ.

"ಆ ಮೂಲೇಲಿ ಬರೀ ನೀರಲ್ಲೇ ಒರೆಸ್ತೀನಿ ಸಾರ್. ಆ ಮೀನುಗಳನ್ನ ಮಾತಾಡಿಸೋಳೇ ನಾನೊಬ್ಬಳು," ಎಂದು ಚಿಕ್ಕಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು.

ರಿಸೆಪ್ಷನಿಸ್ಟ್ ಒಂದೇ ಉಸಿರಿಗೆ ಮಹಡಿ ಹತ್ತಿದಳು. ಅಲ್ಲಿ ಡಾಕ್ಟರ ಸೋದರತ್ತೆಯ ವಾಸ. ಕಾಣೆಯಾದ ಕೀಲಿಯಿಂದ ಹಿಡಿದು ಓಡಿಹೋದ ಬಾಡಿಗೆದಾರನವರೆಗೆ ಎಲ್ಲವನ್ನೂ ಪತ್ತೆಹಚ್ಚಿದ ಅತ್ತೆಯ ಪ್ರತಿ ತನಿಖೆಗೂ ಇವಳೇ ಬಾಲ.

ಅತ್ತೆ ತೊಟ್ಟಿಯ ನೀರನ್ನು ಮೊದಲು ಮೂಸಿದರು. ಆಮೇಲೆ ಗಾಜಿನ ಕೊಳವೆಗೆ ತುಂಬಿ ಪರೀಕ್ಷೆಯ ಹನಿ ಬಿಟ್ಟರು. ಹೋದ ವಾರ ಶುದ್ಧವೆಂದು ಹಳದಿ ತೋರಿಸಿದ್ದ ನೀರು ಈಗ ಕಡುಹಸಿರಾಯಿತು.

"ಅಮೋನಿಯಾ! ಮೀನಿನ ಹೊಲಸಿಂದ ಹುಟ್ಟೋ ವಿಷ. ಉಸಿರಿರೋದನ್ನ ಮೊದ್ಲು ಉಳಿಸೋಣ, ಬಾರೇ."

ಇಬ್ಬರೂ ಅರ್ಧ ನೀರು ತೆಗೆದು, ಕಲಸಿಟ್ಟಿದ್ದ ಹೊಸ ಉಪ್ಪುನೀರು ತುಂಬಿದರು. ತೊಟ್ಟಿಯೊಳಗಿನ ಕಲ್ಲುಗಳು ಜಾಹೀರಾತಿನ ಹಲ್ಲಿನಂತೆ ಫಳಫಳಿಸುತ್ತಿದ್ದವು. ಆಮೇಲೆ ಅತ್ತೆ ಒಳಕೋಣೆಗೆ ಹೋಗಿ, ಇಕ್ಕಳಗಳನ್ನು ಹಬೆಯಲ್ಲಿ ಬೇಯಿಸುವ ಯಂತ್ರದ ತಟ್ಟೆಯಿಂದ ಬಿಳಿ ಕಲೆಯೊಂದನ್ನು ಕೆರೆದು ನಾಲಿಗೆಗಿಟ್ಟರು. ರಿಸೆಪ್ಷನಿಸ್ಟ್ ಕಣ್ಣು ಮುಚ್ಚಿಕೊಂಡಳು.

ರೋಗಿಗಳು ಎದ್ದುಹೋಗುವ ಮೊದಲೇ ಅತ್ತೆ ಎಲ್ಲರನ್ನೂ ತೊಟ್ಟಿಯ ಮುಂದೆ ಸೇರಿಸಿದರು.

"ಫಿನಾಯಿಲ್ ಬಿದ್ದಿದ್ರೆ ಮೂಗಿಗೆ ಹೊಡೀತಿತ್ತು, ಈ ನೀರಿಗೆ ಆ ವಾಸನೇನೇ ಇಲ್ಲ. ಹೊಸ ತೊಟ್ಟಿ ಹದಕ್ಕೆ ಬರೋದು ಅಂದ್ರೆ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡೋದು. ಅಮೋನಿಯಾ ಅರಗಿಸೋವು ಅವೇ. ಕಂದು ಕಲ್ಲು ಬೆಳ್ಳಗಾಗಿದೆ, ಹಬೆಯಂತ್ರದ ತಟ್ಟೇಲಿ ಉಪ್ಪಿದೆ. ಆ ಯಂತ್ರ ಮುಟ್ಟೋನು ಒಬ್ಬನೇ. ಏನೋ, ನಿಜ ತಾನೇ?"

ಡಾಕ್ಟರ ಮುಖ ಸಪ್ಪಗಾಯಿತು. "ಕಲ್ಲು ಕೊಳಕಾಗಿತ್ತು ಅತ್ತೆ. ಮೀನಿಗೆ ಸೋಂಕು ತಗಲದಿರ್ಲಿ ಅಂತ..."

"ಪ್ರೀತಿಯಿಂದಲೇ ಬೇಯಿಸಿದ್ದೀಯ, ಗೊತ್ತು. ಆದ್ರೆ ಕಲ್ಲಿನ ಜೊತೆ ಆ ಜೀವಿಗಳೂ ಬೆಂದುಹೋದ್ವು. ತೊಟ್ಟಿ ಮತ್ತೆ ಹದವಾಗೋವರೆಗೂ ಮೀನು ಅಂಗಡಿಯವನ ಹತ್ರ ಇರ್ಲಿ. ನೆಲ ಒರೆಸೋ ಇವಳ ಮರ್ಯಾದೆ ಯಾರ ಹತ್ರ ಇಡೋಣ?"

ಡಾಕ್ಟರು ಚಿಕ್ಕಮ್ಮನ ಮುಂದೆ ನಿಂತು, "ತಪ್ಪಾಯ್ತು, ನಾಳೆನೂ ಬನ್ನಿ," ಎಂದು ತುಟಿಯೊಳಗೇ ಗೊಣಗಿದರು.

ಚಿಕ್ಕಮ್ಮ ಕಣ್ಣೊರೆಸಿಕೊಂಡು ರೋಗಿಗಳ ಕಡೆ ಒಮ್ಮೆ ನೋಡಿದಳು.

"ಕೇಳಿಸ್ಲಿಲ್ಲ ಸಾರ್. ಸ್ವಲ್ಪ ದೊಡ್ಡದಾಗಿ ಬಾಯಿ ತೆಗೀರಿ."