ಕೆಳಗಿನ ಡ್ರಾಯರ್

"ಅಲ್ಲೇ ನಿಲ್ಲಿ! ಕಾಲು ಕೆಳಗಿಡಬೇಡಿ!"

ಕನ್ನಡಕದಂಗಡಿಯ ಹೊಸ್ತಿಲು ದಾಟುತ್ತಿದ್ದವನು ಒಂದು ಕಾಲು ಎತ್ತಿಕೊಂಡೇ ನಿಂತುಬಿಟ್ಟ. ಅವನ ಒಂದು ಕೈಯಲ್ಲಿ ಕಡ್ಡಿ ಮುರಿದ ಕನ್ನಡಕ. ಇನ್ನೊಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು.

ಕೂಗಿದ ಅಂಗಡಿಯವಳು ನೆಲದಲ್ಲಿ ಮೊಣಕಾಲೂರಿ ಕೂತಿದ್ದಳು. ಹಳೇ ಮಾತ್ರೆ ಡಬ್ಬಿ ಕೈಜಾರಿ, ಸಾಸಿವೆಯಷ್ಟು ಸಣ್ಣ ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

"ಎಷ್ಟು ಹೊತ್ತು ಹೀಗೆ ನಿಂತಿರ್ಬೇಕು?"

"ಎಲ್ಲ ಸಿಗೋವರೆಗೆ."

"ಅಷ್ಟರಲ್ಲಿ ನಾನೇ ಬಿದ್ದುಹೋಗ್ತೀನಿ. ಜೇಬಲ್ಲಿ ಮ್ಯಾಗ್ನೆಟ್ ಇದೆ, ತಗೊಳ್ಳಿ. ಬಡಗಿ ನಾನು, ಬಿದ್ದ ಮೊಳೆ ಹೆಕ್ಕೋಕೆ ಇಟ್ಕೊಂಡಿರ್ತೀನಿ."

ಒಳಗೆ ಪತ್ರಿಕೆ ಓದುತ್ತಿದ್ದ ಅವಳ ಅಪ್ಪ ಪತ್ರಿಕೆಯ ಮೇಲಿಂದ ಇಣುಕಿ ನೋಡಿದರು. ಐದು ನಿಮಿಷದಲ್ಲಿ ಬಡಗಿಯೂ ನೆಲದ ಮೇಲಿದ್ದ. ಕನ್ನಡಕವಿಲ್ಲದ ಈ ಮನುಷ್ಯ ಏನು ಹುಡುಕಿಯಾನು ಎಂದು ಅವಳು ಅಂದುಕೊಂಡಳು. ಅವನು ಮಾತ್ರ ಒಂದೊಂದಾಗಿ ಹೆಕ್ಕಿ ಅವಳ ಅಂಗೈಗೆ ಹಾಕುತ್ತಲೇ ಇದ್ದ.

"ನನಗೆ ದೂರದ್ದು ಕಾಣಲ್ಲ ಅಷ್ಟೆ. ಹತ್ತಿರದ್ದಾದ್ರೆ ಇರುವೆ ಕಾಲೂ ಕಾಣುತ್ತೆ," ಎಂದು ತಲೆ ಎತ್ತಿದ. ಅವಳ ಮುಖ ಒಂದು ಗೇಣು ದೂರದಲ್ಲಿತ್ತು.

ಇಬ್ಬರೂ ಒಟ್ಟಿಗೇ ಎದ್ದು ನಿಂತರು. ಅವಳ ಕಿವಿ ಬಿಸಿಯಾಗಿತ್ತು. ಮೂವತ್ತೊಂದು ವರ್ಷವಾದರೂ ಇದೇನಪ್ಪ ಹುಡುಗಾಟ... ಎಂದು ತನ್ನನ್ನೇ ಬೈದುಕೊಂಡಳು.

ಕಡ್ಡಿ ಕೂರಿಸಿಕೊಟ್ಟಾಗ ಅವನು ಅವಳ ಮೇಜನ್ನೇ ನೋಡುತ್ತಿದ್ದ. ಮಾತ್ರೆ ಡಬ್ಬಿ, ಕ್ರೀಮ್ ಡಬ್ಬಿ, ಬಾಟಲಿ ಮುಚ್ಚಳ... ಎಲ್ಲದರಲ್ಲೂ ಸ್ಕ್ರೂ, ಎಲ್ಲದರಲ್ಲೂ ಕನ್ನಡಕದಡಿ ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿ.

"ಡಾಕ್ಟ್ರೇ, ನಿಮ್ಮ ಸಾಮಾನಿಗೆ ಒಂದು ಮನೆ ಬೇಕು."

"ನಾನು ಡಾಕ್ಟರ್ ಅಲ್ಲ."

"ಕಾಲು ಮುರಿದ ಕನ್ನಡಕಕ್ಕೆ ಕಾಲು ಕೂರಿಸಿದ್ರಲ್ಲ, ಮತ್ತಿನ್ನೇನು?"

ಅವನು ಹೋದ ಮೇಲೆ ಅಪ್ಪ ಪುಟ ತಿರುಗಿಸುತ್ತಾ ಕೇಳಿದರು. "ಒಂಟಿಕಡ್ಡಿ ಮತ್ತೆ ಬರ್ತಾನಾ?"

ಬಂದ. ಸಾಮಾನಿನ ಪೆಟ್ಟಿಗೆಯ ಅಳತೆಗೆ ಒಮ್ಮೆ ಬಂದ, ಅಳತೆ ಮರೆತೆ ಅಂತ ಇನ್ನೊಮ್ಮೆ ಬಂದ. ಆಮೇಲೆ ಅವಳೇ ರೈಲು ಹಳಿಯಾಚೆಯ ಅವನ ಶೆಡ್ಡಿಗೆ ಹೋಗತೊಡಗಿದಳು. ಒಬ್ಬರ ಕಿಟಕಿ ಮಾಡಿ ಉಳಿದ ತೇಗ, ಇನ್ನೊಬ್ಬರ ಕಪಾಟಿನಿಂದ ಮಿಕ್ಕ ಹಲಗೆ, ಶಾಲೆಯ ಬೆಂಚಿನ ಪಟ್ಟಿ. ಒಂದೊಂದು ತುಂಡನ್ನೂ ಎತ್ತಿ ಹಿಡಿದು ಅದು ಯಾರ ಮನೆಯದು ಎಂದು ಹೇಳುತ್ತಿದ್ದ. ಅವಳ ಕೈಗೆ ಉಪ್ಪುಕಾಗದ ಕೊಟ್ಟು, "ಎಳೆ ಹೋದ ಕಡೆಗೇ ಉಜ್ಜಿ. ಅಡ್ಡ ಉಜ್ಜಿದ್ರೆ ಗೀರು ಬೀಳುತ್ತೆ," ಅನ್ನುತ್ತಿದ್ದ. ಅವಳು ಮನೆಗೆ ಬಂದಾಗ ಕೂದಲಲ್ಲಿ ಮರದ ಪುಡಿ ಇರುತ್ತಿತ್ತು. ಅಪ್ಪ ಅದನ್ನು ನೋಡಿಯೂ ನೋಡದಂತಿರುತ್ತಿದ್ದರು.

ಐದು ಡ್ರಾಯರಿನ ಪೆಟ್ಟಿಗೆ ಸಿದ್ಧವಾಯಿತು. ಮಳೆಯ ದಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು, ಮೇಜಿನ ಮೇಲೆ ಗೋಡೆಗೆ ತಾಗಿಸಿ ಇಟ್ಟ.

"ಮೇಲಿಂದ ಒಂದೊಂದೇ ತೆಗೀರಿ ಡಾಕ್ಟ್ರೇ. ಕೆಳಗಿನದು ಕೊನೆಗೆ." ಇಷ್ಟು ಹೇಳಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಹೊರಟುಹೋದ.

ಅವಳು ಒಂದೊಂದೇ ತೆಗೆದು ಸ್ಕ್ರೂ ಜೋಡಿಸುತ್ತಾ ಕೂತಳು. ನಾಲ್ಕನೆಯದು ತುಂಬುವಷ್ಟರಲ್ಲಿ ಗಿರಾಕಿಗಳು ಬಂದರು. ಕೆಳಗಿನದನ್ನು ನಾಳೆ ನೋಡೋಣ ಎಂದುಕೊಂಡಳು.

ಆ ಗೋಡೆಯಾಚೆ ಒಂದು ಲಾಂಡ್ರಿ ಇತ್ತು. ದಿನವಿಡೀ ಇಸ್ತ್ರಿಯ ಹಬೆ. ಗೋಡೆ ಸದಾ ಒದ್ದೆ. ಬೆಳಿಗ್ಗೆ ನೋಡಿದರೆ ಕೆಳಗಿನ ಡ್ರಾಯರ್ ಕಚ್ಚಿಕೊಂಡು ಕೂತಿತ್ತು. ಎಳೆದಳು. ಸ್ಕ್ರೂಡ್ರೈವರ್ ತೂರಿಸಿ ಮೀಟಿದಳು. ಅಂಚಿನಲ್ಲಿ ಎರಡು ಗಾಯವಾಯಿತೇ ಹೊರತು ಅದು ಜಪ್ಪಯ್ಯ ಅಂದರೂ ಬರಲಿಲ್ಲ.

ಎಂಟು ದಿನ ಬಿಟ್ಟು ಬಡಗಿ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಪೆಟ್ಟಿಗೆ... ಎಲ್ಲಾ ತೆಗೆದು ನೋಡಿದ್ರಾ?"

"ನೋಡಿದೆ."

"ಕೆಳಗಿನದೂ?"

ಅವನ ಕಣ್ಣಲ್ಲಿದ್ದ ಆಸೆಯನ್ನು ಅವಳು ಕಂಡಳು. ಕೆಲಸ ಮೆಚ್ಚಲಿ ಅನ್ನುವ ಆಸೆ ಎಂದುಕೊಂಡಳು. ತಿಂಗಳುಗಟ್ಟಲೆ ಕೂತು ಮಾಡಿದವನ ಎದುರಿಗೆ, ಅದೂ ಅಪ್ಪನ ಮುಂದೆ, ನಿಮ್ಮ ಡ್ರಾಯರ್ ತೆಗೆಯೋಕೇ ಬರಲ್ಲ ಅನ್ನುವುದು ಹೇಗೆ? ಮಹರಾಯ್ತಿ, ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು!

"ಅದನ್ನೂ ನೋಡಿದೆ. ಎಲ್ಲಾ ಸರಿಯಾಗಿದೆ," ಎಂದುಬಿಟ್ಟಳು.

"ನನಗೆ ಹೇಳೋದೇನೂ ಇಲ್ವಾ?"

"ಇನ್ನೇನು ಹೇಳ್ಲಿ? ತುಂಬಾ ಥ್ಯಾಂಕ್ಸ್."

ಅವನು ಕನ್ನಡಕ ತೆಗೆದು ಒರೆಸಿದ. ಅದರಲ್ಲಿ ಕೊಳೆಯೇ ಇರಲಿಲ್ಲ.

"ಸರಿ. ಬರ್ತೀನಿ," ಎಂದು ಹೋದವನು ಮತ್ತೆ ಬರಲಿಲ್ಲ.

ಒಂದು ತಿಂಗಳು ಅವಳು ಬಾಗಿಲನ್ನೇ ನೋಡಿದಳು. ಎರಡನೇ ತಿಂಗಳು ಶೆಡ್ಡಿನ ಮುಂದೆಯೇ ಹಾದುಹೋದಳು. ಅವನು ನೋಡಿದ, ತಲೆ ತಗ್ಗಿಸಿ ಕೀಸುಳಿ ತಳ್ಳತೊಡಗಿದ. 'ನಾನೇ ಏನೇನೋ ಕಲ್ಪಿಸಿಕೊಂಡೆ. ಅವನಿಗೆ ನಾನು ಒಬ್ಬ ಗಿರಾಕಿ ಅಷ್ಟೆ,' ಎಂದು ಅವಳೂ ಮುಖ ತಿರುಗಿಸಿ ನಡೆದಳು. ಆ ಸಂಜೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹೀಗೆ ಮೂರು ವರ್ಷ. ನಾಲ್ಕು ಡ್ರಾಯರುಗಳನ್ನು ದಿನಕ್ಕೆ ಇಪ್ಪತ್ತು ಸಲ ಎಳೆಯುವಳು. ಕೆಳಗಿನದರ ಗೊಡವೆಗೇ ಹೋಗಲಿಲ್ಲ.

ಕಳೆದ ತಿಂಗಳು ಲಾಂಡ್ರಿಯವರು ಅಂಗಡಿ ಖಾಲಿ ಮಾಡಿದರು. ಗೋಡೆ ನಿಧಾನಕ್ಕೆ ಒಣಗಿತು. ಒಂದು ಮಧ್ಯಾಹ್ನ ಮೇಜು ಒರೆಸುವಾಗ ಬಟ್ಟೆ ಕೆಳಗಿನ ಹಿಡಿಗೆ ಸಿಕ್ಕಿಕೊಂಡಿತು. ಬಟ್ಟೆಯ ಜೊತೆಗೆ ಡ್ರಾಯರ್ ಸರಕ್ಕನೆ ಹೊರಬಂತು.

ಒಳಗೆ ನಾಲ್ಕಾಗಿ ಮಡಚಿದ ಚೀಟಿ. ಬಡಗಿಯ ದಪ್ಪ ಪೆನ್ಸಿಲ್ಲಿನ ಅಕ್ಷರ.

'ನನಗೆ ಎದುರು ನಿಂತು ಹೇಳಲು ಬರುವುದಿಲ್ಲ. ನಿಮ್ಮನ್ನು ಮದುವೆಯಾಗಬೇಕೆಂದು ಆಸೆ. ಅಮ್ಮನಿಗೆ ಹೇಳಿದ್ದೇನೆ. ನಿಮ್ಮನ್ನು ಒಮ್ಮೆ ನೋಡಬೇಕು ಅನ್ನುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಈ ಚೀಟಿಯ ಮಾತೇ ಎತ್ತಬೇಡಿ, ನಾನು ತಿಳಿದುಕೊಳ್ಳುತ್ತೇನೆ. ನಿಮಗೆ ಮುಜುಗರವಾಗುವಂತೆ ಮತ್ತೆ ಬರುವುದಿಲ್ಲ.'

ಅವಳು ಮತ್ತೆ ಮೊದಲಿಂದ ಓದಿ, ಅಯ್ಯೋ ಎಂದಳು. ಅದನ್ನೂ ನೋಡಿದೆ... ಇನ್ನೇನು ಹೇಳ್ಲಿ... ಥ್ಯಾಂಕ್ಸ್... ತನ್ನ ಬಾಯಿಂದಲೇ ಬಂದ ಮಾತುಗಳು!

"ಏನಾಯ್ತೇ?" ಅಪ್ಪ ಎದ್ದು ಬಂದರು. ಅವಳು ಚೀಟಿ ಕೊಟ್ಟಳು. ಅಪ್ಪ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು.

"ಅವತ್ತು ಅವನ ಮುಖ ನೋಡಿದ್ದೆ ಕಣಮ್ಮಾ. ಏನಪ್ಪಾ ಅಂತ ಕೇಳ್ಬೇಕಿತ್ತು. ಮಧ್ಯೆ ಬಾಯಿ ಹಾಕೋದ್ಯಾಕೆ ಅಂತ ಸುಮ್ಮನಾದೆ."

"ಈಗ ಮದುವೆ ಆಗಿದ್ರೆ ಅಪ್ಪ?"

"ಆಗಿದ್ರೆ ಒಳ್ಳೇದಾಗ್ಲಿ ಅಂದು ಬಾ. ಆದ್ರೆ ನಿಜ ಹೇಳಿ ಬಾ. ನೀನು ಬೇಡ ಅಂದೆ ಅಂತ ತಿಳ್ಕೊಂಡು ಮೂರು ವರ್ಷದಿಂದ ಕೂತಿದಾನೆ ಅವನು. ಹೋಗು, ಅಂಗಡಿ ನಾನು ನೋಡ್ಕೋತೀನಿ."

ಅವಳು ಚೀಟಿಯನ್ನು ಒಳಗಿಟ್ಟು, ಡ್ರಾಯರನ್ನೇ ಎದೆಗವಚಿಕೊಂಡು ನಡೆದಳು. ದಾರಿಯಲ್ಲಿ ಜನ ತಿರುಗಿ ನೋಡಿದರು. ನೋಡಲಿ.

ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಕಿವಿಯ ಹಿಂದೆ ಅದೇ ಪೆನ್ಸಿಲ್. ಅವಳನ್ನು ಕಂಡು ಎದ್ದು ನಿಂತ.

"ಏನಾದ್ರೂ ರಿಪೇರಿನಾ?" ಎಂದ, ಪರಿಚಯವೇ ಇಲ್ಲದವನಂತೆ.

"ಇದು ತೆಗೆಯೋಕೇ ಬರ್ಲಿಲ್ಲ," ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ನೀವು ಕೇಳಿದಾಗ ನೋಡಿದೆ ಅಂದ್ನಲ್ಲ, ಅದು ಸುಳ್ಳು. ಮೂರು ವರ್ಷ ಇದು ಕಚ್ಚಿಕೊಂಡೇ ಇತ್ತು. ಇವತ್ತು ತಾನಾಗೇ ಬಂತು."

ಅವನು ಡ್ರಾಯರ್ ತೆಗೆದುಕೊಂಡ. ಚೀಟಿಯನ್ನು ಮುಟ್ಟಲಿಲ್ಲ. ಅಂಚಿನ ಎರಡು ಗಾಯಗಳ ಮೇಲೆ ಹೆಬ್ಬೆರಳು ಆಡಿಸಿದ.

"ಸುಳ್ಳು ಯಾಕೆ ಹೇಳಿದ್ರಿ?"

"ನಿಮ್ಮ ಕೆಲಸದಲ್ಲಿ ತಪ್ಪು ಹುಡುಕಿದ್ರೆ ನಿಮಗೆ ಬೇಜಾರಾಗುತ್ತೆ ಅಂತ."

ಅವನು ಬೆಂಚಿನ ಮೇಲೆ ಕೂತುಬಿಟ್ಟ. "ತಪ್ಪು ನನ್ನದೇ. ನಾಲ್ಕಕ್ಕೆ ಒಣಗಿದ ಹಲಗೆ ಇತ್ತು. ಐದನೇದಕ್ಕೆ ಸಾಲಲಿಲ್ಲ. ಒಂದು ಹಸಿ ತುಂಡು ಇತ್ತು, ಅದನ್ನೇ ಹಾಕಿದೆ. ತೇವಕ್ಕೆ ಸೊಟ್ಟಗಾಗಿ ಕಚ್ಚಿಕೊಂಡಿದೆ. ಒಂದು ತಿಂಗಳು ಕಾಯ್ಬೇಕಿತ್ತು. ಚೀಟಿ ಕೊಡೋ ಅವಸರ ನನಗೆ."

ಅವಳು ಡ್ರಾಯರಿನೊಳಗಿನ ಚೀಟಿಯನ್ನೇ ನೋಡಿದಳು.

"ಅಮ್ಮ... ಇದ್ದಾರಾ?" ಅವಳು ಮೆಲ್ಲಗೆ ಕೇಳಿದಳು.

"ಹೋದ ವರ್ಷ ತೀರ್ಕೊಂಡ್ರು."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಒಮ್ಮೆ ನೋಡಬೇಕು ಎಂದಿದ್ದ ಜೀವ. ಇಪ್ಪತ್ತು ನಿಮಿಷದ ದಾರಿ. ಒಂದು ಸಂಜೆ ಬಂದು ಎದುರು ಕೂತಿದ್ದರೆ ಸಾಕಾಗಿತ್ತು. ಇನ್ನು ಎಷ್ಟು ಕಾದರೂ ಆ ಸಂಜೆ ಸಿಗುವುದಿಲ್ಲ.

"ಕೊನೇವರೆಗೂ ಕೇಳ್ತಿದ್ರು, ಆ ಹುಡುಗಿ ಏನಂದ್ಲೋ ಅಂತ. ಬೇಡ ಅಂದ್ಲು ಅಂತ ಹೇಳೋಕೆ ಮನಸ್ಸು ಬರ್ಲಿಲ್ಲ. ಇನ್ನೂ ಏನೂ ಹೇಳಿಲ್ಲಮ್ಮ, ಹೇಳ್ತಾಳೆ ಅಂತಿದ್ದೆ." ಅವನು ಡ್ರಾಯರನ್ನು ಪಕ್ಕಕ್ಕಿಟ್ಟ. "ಸುಳ್ಳು ಹೇಳ್ತಿದೀನಿ ಅಂತ ಎಷ್ಟು ಸಂಕಟಪಟ್ಟೆ. ನೋಡಿದ್ರೆ ಅದು ನಿಜಾನೇ ಆಗಿತ್ತು."

ಅವಳು ಅಳುತ್ತಾ ಅವನ ಪಕ್ಕ ಕೂತಳು. ಬೆಂಚಿನ ಮೇಲೆಲ್ಲ ಮರದ ಪುಡಿ. ಸೀರೆಗೆ ಮೆತ್ತಿಕೊಂಡರೆ ಮೆತ್ತಿಕೊಳ್ಳಲಿ.

"ಈಗ ಹೇಳ್ತೀನಿ, ಕೇಳ್ತೀರಾ?"

"ಮೂರು ವರ್ಷ ಆಯ್ತು. ನಾನೂ ಹಾಗೇ ಇಲ್ಲ."

"ಮದುವೆ...?"

"ಇಲ್ಲ."

"ಹಾಗಾದ್ರೆ ಕೇಳಿ. ನನಗೆ ಒಪ್ಪಿಗೆ. ಅವತ್ತು ಓದಿದ್ರೆ ಅವತ್ತೇ ಓಡಿ ಬಂದಿರ್ತಿದ್ದೆ. ಅಮ್ಮನ ಹತ್ರ ಇದನ್ನ ಹೇಳೋಕಾಗ್ಲಿಲ್ಲ ಅನ್ನೋದು ನಾನು ಸಾಯೋವರೆಗೂ ಇರುತ್ತೆ. ನಿಮಗೆ ಈಗ ಬೇಡ ಅನ್ನಿಸಿದ್ರೆ ಬಾಯಿ ಬಿಟ್ಟು ಹೇಳಿ. ಚೀಟಿಗೀಟಿ ಬರೀಬೇಡಿ."

ಅಷ್ಟು ದುಃಖದಲ್ಲೂ ಅವನಿಗೆ ನಗು ಬಂತು. ನಕ್ಕಾಗ ಕನ್ನಡಕ ಜಾರಿತು. ಆಗ ಅವಳು ನೋಡಿದಳು. ಒಂದು ಕಡ್ಡಿ ಮರದ್ದು. ತೆಳುವಾಗಿ ಕೆತ್ತಿ, ನಯವಾಗಿ ಉಜ್ಜಿ, ದಾರ ಕಟ್ಟಿದ್ದ.

"ಇದೇನಿದು?"

"ಮತ್ತೆ ಮುರೀತು. ಬೇರೆ ಅಂಗಡಿಗೆ ಹೋಗೋಕೆ ಮನಸ್ಸಾಗ್ಲಿಲ್ಲ. ನಿಮ್ಮಂಗಡಿಗೆ ಬರೋಕೆ ಧೈರ್ಯ ಇರ್ಲಿಲ್ಲ."

ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. "ಕೊಡಿ ಇಲ್ಲಿ. ಸರಿಮಾಡ್ತೀನಿ."

"ಡ್ರಾಯರ್ ಇನ್ನೊಂದು ಸಲ ಕಚ್ಚಿಕೊಂಡ್ರೆ ಹೇಳ್ತೀರಾ?"

"ಹೇಳ್ತೀನಿ. ಬೈದೇ ಹೇಳ್ತೀನಿ."

"ಕನ್ನಡಕ ಕೊಟ್ರೆ ನೀವು ಕಾಣಲ್ಲ, ಡಾಕ್ಟ್ರೇ."

"ಹತ್ತಿರದ್ದು ಕಾಣುತ್ತೆ ಅಂದಿದ್ರಲ್ಲ," ಎಂದು ಅವಳೇ ಅವನ ಕಿವಿಯಿಂದ ಕನ್ನಡಕ ಬಿಡಿಸಿಕೊಂಡಳು. "ನಾನೆಲ್ಲಿ ದೂರ ಹೋಗ್ತೀನಿ?"