ನೀನು-ವ್ಯಾಪಾರ

ನನ್ನ ಅಣ್ಣನ ರೋಗಕ್ಕೆ ನಮ್ಮ ಊರಿನ ಹೆಸರು. ಸಲ್ಲಾ ರೋಗ. ಯಾರು ಇಟ್ಟರೋ, ಎಲ್ಲಿ ಕೂತು ಇಟ್ಟರೋ, ನಮ್ಮನೆಗಂತೂ ಬಂದು ಒಂದು ಮಾತು ಕೇಳಲಿಲ್ಲ. ಕೂಸಿಗೆ ಹೆಸರಿಡಬೇಕಾದರೆ ಪಾದ್ರಿಯನ್ನು ಕರೆದು ಕಾಫಿ ಕೊಡುತ್ತೇವೆ. ರೋಗಕ್ಕಾದರೆ ಅದೂ ಬೇಡವೇ?

ಹಾಗಾಗಿ ಎಂಬತ್ತನಾಲ್ಕರ ಮಾರ್ಚಿನಲ್ಲಿ ದಕ್ಷಿಣದಿಂದ ನಮ್ಮ ಈ ಉತ್ತರದ ಹಿಮಸೀಮೆಗೆ ಒಬ್ಬ ಡಾಕ್ಟರು ಅಣ್ಣ ಓಸ್ಮೊನನ್ನು ನೋಡಲು ಬರುತ್ತಾರಂತೆ ಎಂದು ಅಮ್ಮ ಹೇಳಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಅಂಚೆ ಕಚೇರಿಗೆ ಒಂದು ದಿನ ರಜೆ ಹಾಕಿ ಮನೆಯಲ್ಲೇ ಕೂತೆ. ಜಗಳವಾಡಲಿಕ್ಕೆಂದೇ.

ಬಂದ. ಎತ್ತರದ ಆಳು, ಕಿವಿ ಮುಚ್ಚುವ ಟೋಪಿ, ದಪ್ಪ ಕನ್ನಡಕ. ಹೊರಗೆ ಮೈನಸ್ ಇಪ್ಪತ್ತು, ಒಳಗೆ ಉರಿಯುವ ಒಲೆ. ಹೊಸ್ತಿಲು ದಾಟಿದ್ದೇ ತಡ, ಕನ್ನಡಕ ಪೂರ್ತಿ ಮಂಜಾಯಿತು. ಕಣ್ಣು ಕಾಣದೆ ಬಾಗಿಲಲ್ಲೇ ನಿಂತ. ಸಿಕ್ಕಿದ್ದೇ ಸಮಯವೆಂದು ನಾನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ತುಟಿ ಚೆನ್ನಾಗಿದೆ ಅನ್ನಿಸಿತು. ಅದಕ್ಕೂ ಸಿಟ್ಟು ಬಂತು.

ಕನ್ನಡಕ ಒರೆಸಿಕೊಂಡು ನನ್ನ ಕಡೆ ತಿರುಗಿ, "ನಾನು ಇಲ್ಪೊ ವಾರ್ತಿಯಾ. ನೀವು ರೈಯಾ ಲಂಪೆಲಾ ಅವರಲ್ವಾ?" ಅಂದ. ಆಮೇಲೆ ಬೆಂಚಿನ ಮೇಲಿದ್ದ ನನ್ನಣ್ಣನ ಹೆಗಲು ತಟ್ಟಿ, "ಏನಪ್ಪಾ ಓಸ್ಮೊ, ಚೆನ್ನಾಗಿದ್ದೀಯಾ ನೀನು?" ಅಂದ.

ಹುಡುಕುತ್ತಿದ್ದ ಕಾರಣ ತಾನಾಗೇ ಕೈಗೆ ಬಂತು.

"ಅವನಿಗೆಷ್ಟು ವಯಸ್ಸು ಗೊತ್ತಾ ನಿಮಗೆ?"

"ಮೂವತ್ತೆಂಟು ಅಂತ ಕಾಗದದಲ್ಲಿ…"

"ನಿಮಗೆಷ್ಟು?"

"ಮೂವತ್ತನಾಲ್ಕು."

"ನನಗೆ 'ನೀವು', ನಿಮಗಿಂತ ದೊಡ್ಡವನಿಗೆ 'ನೀನು'! ಯಾವಾಗ ಮಾಡ್ಕೊಂಡ್ರಿ ನೀನು-ವ್ಯಾಪಾರ? ಯಾವತ್ತು ಕೈ ಕೊಟ್ಟ ಅವನು ನಿಮಗೆ?"

ನೀನು-ವ್ಯಾಪಾರ ಎಂದರೆ ನಮ್ಮಲ್ಲಿ ಹುಡುಗಾಟವಲ್ಲ. ವಯಸ್ಸಿನಲ್ಲಿ ದೊಡ್ಡವರು ಮೊದಲು ಕೈ ಚಾಚಿ ತಮ್ಮ ಹೆಸರು ಹೇಳಬೇಕು. ಗಂಡು ಹೆಣ್ಣಾದರೆ ಹೆಣ್ಣೇ ಹೇಳಬೇಕು. ಇನ್ನೊಬ್ಬರು ಆ ಕೈ ಹಿಡಿದು ತಮ್ಮ ಹೆಸರು ಹೇಳಬೇಕು. ಆಮೇಲಷ್ಟೇ 'ನೀನು'. ಪೇಟೆಯ ಹುಡುಗರು ಇದನ್ನೆಲ್ಲ ಬಿಟ್ಟಿದ್ದಾರೆ, ನಮ್ಮ ಕಡೆ ಬಿಟ್ಟಿರಲಿಲ್ಲ. ನಮ್ಮಪ್ಪ ಪಕ್ಕದ ಮನೆಯವರ ಜೊತೆ ಮೂವತ್ತು ವರ್ಷ ಒಂದೇ ದೋಣಿಯಲ್ಲಿ ಮೀನು ಹಿಡಿದು, ಕೊನೆಯವರೆಗೂ 'ನೀವು' ಅನ್ನುತ್ತಲೇ ಸತ್ತರು. ಕೇಳದೆ 'ನೀನು' ಅನ್ನುವುದು ಮಕ್ಕಳಿಗೆ, ದನಕ್ಕೆ, ದೇವರಿಗೆ.

ಡಾಕ್ಟರ ಕಿವಿ ಕೆಂಪಾಯಿತು. ಟೋಪಿ ತೆಗೆದು, ಓಸ್ಮೊನ ಮುಂದೆ ನೆಟ್ಟಗೆ ನಿಂತು, "ಲಂಪೆಲಾ ಅವರೇ, ತಪ್ಪಾಯ್ತು. ಕ್ಷಮಿಸಿ" ಅಂದ.

ಓಸ್ಮೊನನ್ನು ಹುಟ್ಟಿದಾಗಿನಿಂದ ಯಾರೂ ಹಾಗೆ ಕರೆದಿರಲಿಲ್ಲ. ಅವನು ತಲೆ ಹಿಂದಕ್ಕೆ ಹಾಕಿ, ಬೆಂಚು ಅಲ್ಲಾಡುವ ಹಾಗೆ ನಕ್ಕ. ಅವನ ಬಾಯಲ್ಲಿ ಮಾತು ಹತ್ತೋ ಹನ್ನೆರಡೋ, ಅಷ್ಟೇ. ಆದರೆ ಕಿವಿಗೆ ಬಿದ್ದದ್ದೆಲ್ಲ ಅರ್ಥವಾಗುತ್ತದೆ. ಇದು ನನಗೆ ಗೊತ್ತು, ಅಮ್ಮನಿಗೆ ಗೊತ್ತು. ಬಂದ ಡಾಕ್ಟರುಗಳಿಗೆ ಮಾತ್ರ ಗೊತ್ತಾಗಿರಲಿಲ್ಲ.

ಅಮ್ಮ ಕಾಫಿ ಬಗ್ಗಿಸಿದಳು. ನಮ್ಮಲ್ಲಿ ಶತ್ರುವಾದರೂ ಎರಡನೇ ಕಪ್ಪು ಮುಗಿಸದೆ ಏಳುವಂತಿಲ್ಲ. ಹಾಗಾಗಿ ಕೇಳಿಸಿಕೊಂಡೆ.

"ಮೈಯ ಒಂದೊಂದು ಕಣದಲ್ಲೂ ಚಿಕ್ಕ ಚಿಕ್ಕ ಕೋಣೆಗಳಿರ್ತವೆ," ಅಂದ. ನನಗೆ ಹೇಳಲಿಲ್ಲ, ಓಸ್ಮೊನಿಗೆ ಹೇಳಿದ. "ಹಳೇದನ್ನೆಲ್ಲ ಅಲ್ಲಿ ಹಾಕಿ ಪುಡಿ ಮಾಡಿ ಹೊರಗೆ ಕಳಿಸೋದು. ನಿಮ್ಮಲ್ಲಿ ಪುಡಿ ಮಾಡೋ ಕೆಲಸ ಸರಿಯಾಗೇ ನಡೀತಿದೆ. ಹೊರಗೆ ಹೋಗೋ ಬಾಗಿಲೇ ತೆರೀತಿಲ್ಲ ಅಂತ ನನ್ನ ಗುಮಾನಿ. ಅದಕ್ಕೇ ಎಲ್ಲ ಒಳಗೇ ತುಂಬಿಕೊಳ್ತಿದೆ. ನಿಮ್ಮ ತೋಳಿಂದ ಒಂದು ಅಕ್ಕಿಕಾಳಿನಷ್ಟು ಚರ್ಮ ಸಿಕ್ಕರೆ ನೋಡಬಹುದು. ಆರು ಜನರದ್ದು ಬೇಕು, ಐದು ಸಿಕ್ಕಿದೆ."

"ಔಷಧ ಇದೆಯಾ?" ನಾನು ಕೇಳಿದೆ.

"ಇಲ್ಲ."

"ಬರುತ್ತಾ?"

"ಬರಬಹುದು. ಇವರ ಕಾಲಕ್ಕೆ ಬರಲ್ಲ."

ಹಿಂದೆ ಬಂದವರೆಲ್ಲ 'ಬೇಗ, ಇನ್ನೇನು ಬೇಗ' ಅಂದಿದ್ದರು. ಇವನೊಬ್ಬ ನಿಜ ಹೇಳಿದ. ಬೈಯಬೇಕೆಂದು ಬಾಯಿಗೆ ತಂದುಕೊಂಡಿದ್ದನ್ನೆಲ್ಲ ಕಾಫಿಯ ಜೊತೆ ನುಂಗಬೇಕಾಯಿತು.

"ನಾನು ಆಗಲೇ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೀನಿ," ಅಂದಳು ಅಮ್ಮ ಮೆಲ್ಲಗೆ.

"ಹಾಕಿದೀಯಾ? ಸರಿ, ಹಾಗಾದ್ರೆ ಹಿಡೀರಿ ಅವನನ್ನ!" ನಾನು ಎದ್ದು ನಿಂತೆ. "ಅವನಿಗೆ ಹದಿನಾಲ್ಕಾಗಿದ್ದಾಗ ಆಸ್ಪತ್ರೆಯಲ್ಲಿ ನಾಲ್ಕು ಜನ ಹಿಡ್ಕೊಂಡು ಬೆನ್ನಿಗೆ ಸೂಜಿ ಹಾಕಿದ್ರು. ಬಾಗಿಲ ಹೊರಗೆ ನಿಂತಿದ್ದೆ, ನಂಗೆ ಎಂಟು ವರ್ಷ. ಅವನು ನನ್ನ ಹೆಸರು ಕೂಗ್ತಿದ್ದ. ಇವತ್ತಿಗೂ ಸ್ಪಿರಿಟ್ ವಾಸನೆ ಬಂದ್ರೆ ಮೇಜಿನ ಕೆಳಗೆ ಹೋಗಿ ಕೂರ್ತಾನೆ. ನಿಮ್ಮ ಹತ್ರ ಸಹಿ ಇದೆಯಲ್ಲ, ಹಿಡೀರಿ!"

"ಇವರನ್ನ ಕೇಳ್ತೀನಿ," ಅಂದ ಇಲ್ಪೊ.

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ."

ಕೇಳಿದ. ಓಸ್ಮೊ ತೋಳನ್ನು ಎದೆಗೆ ಅವಚಿಕೊಂಡು, "ಬ್ಯಾಡ" ಅಂದ.

ಇಲ್ಪೊ ಎರಡನೇ ಕಪ್ಪು ಮುಗಿಸಿ ಹೋದ. ಎರಡು ದಿನ ಬಿಟ್ಟು ಮತ್ತೆ ಬಂದ. ಸ್ಪಿರಿಟ್ಟಿಲ್ಲ, ಬಿಳಿ ಕೋಟಿಲ್ಲ, ಓಸ್ಮೊನ ಎದುರಿಗೆ ಕೂತು ಅಂಗಿಯ ಗುಂಡಿ ಎಣಿಸುವ ಆಟ ಆಡಿದ, ಸೋತ, ಎದ್ದು ಹೋಗುವಾಗ ಒಂದೇ ಸಲ ಕೇಳಿದ. "ಬ್ಯಾಡ." ಮೂರನೇ ಸಲವೂ ಅದೇ ಆಯಿತು.

ನಮ್ಮ ಕಡೆ ಹೆಂಗಸಿಗೆ ಸಿಟ್ಟು ಬಂದರೆ ಕೂಗುವುದಿಲ್ಲ, ಸೌದೆ ಒಡೆಯುತ್ತಾಳೆ. ನಾನು ಕೂಗುವುದೂ ಉಂಟು, ಒಡೆಯುವುದೂ ಉಂಟು. ಆ ದಿನಗಳಲ್ಲಿ ಕೆಲಸ ಮುಗಿಸಿ ಬಂದವಳೇ ಕೊಡಲಿ ಹಿಡಿಯುತ್ತಿದ್ದೆ. ಅವನು ಯಾಕೆ ಬರುತ್ತಾನೆ ಎಂದು ಸಿಟ್ಟು. ಬಾರದ ದಿನ, ಯಾಕೆ ಬರಲಿಲ್ಲ ಎಂದು ಸಿಟ್ಟು.

"ಈ ಡಾಕ್ಟರು ಇನ್ನೊಂದು ವಾರ ಇದ್ದರೆ ಮುಂದಿನ ಚಳಿಗಾಲಕ್ಕೂ ಸೌದೆ ಆಯ್ತು," ಅಂದಳು ಅಮ್ಮ.

ಒಂದು ಸಂಜೆ ಅವನೇ ಕೊಡಲಿ ಕೇಳಿದ. ಎತ್ತಿ ಹಾಕಿದ ಏಟಿಗೆ ಸೌದೆ ಹಾರಿ ಹಿಮದ ಗುಡ್ಡೆಯೊಳಗೆ ಬಿತ್ತು.

"ಕಣದ ಬಾಗಿಲು ಕಾಣುತ್ತೆ, ಎದುರಿಗಿರೋ ಬೊಡ್ಡೆ ಕಾಣಲ್ವಾ?" ಅಂದೆ.

"ನೀವು ನೋಡ್ತಾ ನಿಂತ್ರೆ ಕೈ ನಡುಗುತ್ತೆ."

"ನಾನೆಲ್ಲಿ ನೋಡಿದೆ ನಿಮ್ಮನ್ನ?"

"ದಿನಾ ನೋಡ್ತೀರಿ. ನಾನು ಬಾಗಿಲಲ್ಲಿ ನಿಂತಾಗ." ಅವನು ಹಿಮದಲ್ಲಿ ಸೌದೆ ಹುಡುಕುತ್ತ, ತಲೆಯೆತ್ತದೆ ಹೇಳಿದ. "ಕನ್ನಡಕದ ಮಂಜು ಅರ್ಧ ನಿಮಿಷಕ್ಕೆ ಇಳಿಯುತ್ತೆ. ನಾನು ಒರೆಸದೆ ಸುಮ್ನೆ ನಿಂತಿರ್ತೀನಿ."

ಮೈನಸ್ ಇಪ್ಪತ್ತರಲ್ಲಿ ನನ್ನ ಮುಖ ಕಾದ ಹೆಂಚಾಯಿತು. ಅಲ್ಲೇ ಕೈ ಚಾಚಿ ನನ್ನ ಹೆಸರು ಹೇಳಿಬಿಡಬೇಕಿತ್ತು. ಕ್ರಮದ ಪ್ರಕಾರ ನಾನೇ ಹೇಳಬೇಕು, ಅವನು ಹೇಳುವಂತಿಲ್ಲ. ಹೇಳಲಿಲ್ಲ. ಓಸ್ಮೊನ ತೋಳಿನ ಲೆಕ್ಕ ಇನ್ನೂ ಬಾಕಿ ಇರುವಾಗ ಅವನಿಗೆ ಹೇಗೆ ಕೈ ಕೊಡಲಿ? ನಾಳೆ ಇವನೂ ನಾಲ್ಕು ಜನರನ್ನು ಕರೆತಂದರೆ? ಕೊಡಲಿ ಕಿತ್ತುಕೊಂಡು, "ಒಳಗೆ ಹೋಗಿ ನೀವು, ಕಾಲು ಕಡ್ಕೊಂಡೀರಿ" ಅಂದೆ.

ಬುಧವಾರ ಬೆಳಿಗ್ಗೆ ಕಚೇರಿಗೆ ಅವನ ಹೆಸರಿಗೊಂದು ತಂತಿ ಬಂತು. ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿ, ನಾನೇ ಬರೆದುಕೊಂಡೆ. ಅವನ ಪ್ರೊಫೆಸರರದ್ದು.

'ತಾಯಿಯ ಸಹಿ ಸಾಕು. ಹಿಡಿಸಿ ತೆಗೆಯಿರಿ. ಚರ್ಮ ನಾಳೆ ಮಧ್ಯಾಹ್ನದ ಬಸ್ಸಿಗೆ ಬರದಿದ್ದರೆ ನಿಮ್ಮ ಕೆಲಸ ಬೇರೆಯವರಿಗೆ.'

ಬರೆಯುವಾಗ ಪೆನ್ಸಿಲ್ಲಿನ ಮೊನೆ ಮುರಿಯಿತು. ಕೋಟು ಹಾಕಿಕೊಳ್ಳಲೂ ನೆನಪಾಗದೆ, ರಸ್ತೆ ದಾಟಿ ಅವನಿದ್ದ ಹೋಟೆಲಿಗೆ ನುಗ್ಗಿ, ಗಂಜಿ ತಿನ್ನುತ್ತಿದ್ದವನ ಮುಂದೆ ಕಾಗದ ಬಿಸಾಕಿದೆ.

"ತಗೊಳ್ಳಿ! ಇದಕ್ಕೇ ಅಲ್ವಾ ಹತ್ತು ದಿನದಿಂದ ಗುಂಡಿ ಎಣಿಸಿದ್ದು? ನಾಲ್ಕು ಜನ ಸಾಕಾ? ಅವನೀಗ ದೊಡ್ಡವನಾಗಿದಾನೆ, ಆರು ಜನ ಬೇಕಾಗಬಹುದು. ಹಿಡಿಸಿ! ನಾನು ಮಾತ್ರ ಈ ಸಲ ಬಾಗಿಲ ಹೊರಗೆ ನಿಲ್ಲೋಳಲ್ಲ, ಹೇಳಿದೀನಿ. ಕೊಡಲಿ ಇದೆ ನನ್ನ ಹತ್ರ!"

ಹೋಟೆಲಿನವರೆಲ್ಲ ತಿರುಗಿ ನೋಡಿದರು. ಇಲ್ಪೊ ಎರಡು ಸಲ ಓದಿದ. ಚಮಚ ಕೆಳಗಿಟ್ಟು, ಅದೇ ಕಾಗದದ ಹಿಂದೆ ಏನೋ ಬರೆದು ನನಗೆ ಕೊಟ್ಟ.

"ಕಳಿಸ್ತೀರಾ?"

ತಂತಿಯನ್ನು ಗಟ್ಟಿಯಾಗಿ ಓದಿಯೇ ಕಳಿಸಬೇಕು. ಕಚೇರಿಗೆ ವಾಪಸು ಬಂದು, ಫೋನೆತ್ತಿ ಓದಿದೆ: "ಓಸ್ಮೊ ಲಂಪೆಲಾ ಅವರು ಬೇಡ ಎಂದಿದ್ದಾರೆ. ಬರಿಗೈಯಲ್ಲಿ ಬರುತ್ತಿದ್ದೇನೆ. ವಾರ್ತಿಯಾ."

"ಏನಂದ್ರಿ? ಸರಿಯಾಗಿ ಕೇಳಿಸಲಿಲ್ಲ," ಅಂದಳು ಆ ಕಡೆಯ ಹುಡುಗಿ.

"ಅವರು ಬೇಡ ಎಂದಿದ್ದಾರೆ!" ನಾನು ಕಿರುಚಿದೆ. "ಓಸ್ಮೊ ಲಂಪೆಲಾ ಅವರು! ಬರ್ಕೊಂಡ್ಯಾ?"

ಆಮೇಲೆ ಅಂಚೆಚೀಟಿ ಡ್ರಾಯರು ತೆಗೆದು ಅದರೊಳಗೆ ಮುಖ ಹಾಕಿ ಅತ್ತೆ.

ಗುರುವಾರ ಮಧ್ಯಾಹ್ನದ ಬಸ್ಸು ನಿಲ್ಲುವುದು ನಮ್ಮ ಕಚೇರಿಯ ಮುಂದೆಯೇ. ಕಿಟಕಿಯಿಂದ ನೋಡಿದೆ. ಒಂದು ಸೂಟ್‌ಕೇಸು, ಚರ್ಮ ಒಯ್ಯಲೆಂದು ತಂದಿದ್ದ ಒಂದು ಖಾಲಿ ಐಸ್ ಪೆಟ್ಟಿಗೆ, ಮಧ್ಯೆ ಅವನು. ಅಮ್ಮ ಓಸ್ಮೊನನ್ನು ಹಿಮದ ಮೇಲೆ ಜಾರುವ ಬಂಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಿದ್ದಳು. ಕಚೇರಿಗೆ ಬೀಗ ಹಾಕಿ ನಾನೂ ಹೊರಗೆ ಬಂದೆ.

"ಬರ್ತೀನಿ ಲಂಪೆಲಾ ಅವರೇ," ಅಂದ ಓಸ್ಮೊನಿಗೆ. "ಯಾವತ್ತಾದ್ರೂ ಮತ್ತೆ ಬಂದು ಕೇಳ್ತೀನಿ. ಬೇಡ ಅನ್ನಿ, ಪರವಾಗಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ನೀವೂ… ಚೆನ್ನಾಗಿರಿ" ಅಂದ.

ನೀವೂ! ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಬೇಕಾದದ್ದು ನನ್ನ ಕೆನ್ನೆಗೇ ಎಂದೂ ಗೊತ್ತಿತ್ತು.

ಅಷ್ಟರಲ್ಲಿ ಓಸ್ಮೊ ಹಲ್ಲಿನಿಂದ ತನ್ನ ಕೈಗವುಸು ಎಳೆದು ಬಿಸಾಕಿದ. ಅವನ ಕೈ ಯಾವಾಗಲೂ ತೂಗಾಡುತ್ತದೆ, ಕಪ್ಪು ಹಿಡಿದರೆ ಅರ್ಧ ಚೆಲ್ಲುತ್ತದೆ. ಆ ಕೈಯನ್ನು ಎರಡು ಸಲ ಗುರಿ ತಪ್ಪಿ, ಮೂರನೇ ಸಲಕ್ಕೆ ಇಲ್ಪೊನ ಎದುರಿಗೆ ಚಾಚಿದ.

"ಓಸ್-ಮೊ," ಅಂದ.

ಡಾಕ್ಟರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಪೆಟ್ಟಿಗೆ ಕೈಜಾರಿತು. ತನ್ನ ಕೈಗವುಸೂ ತೆಗೆದು, ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಇಲ್ಪೊ."

"ನೀನು," ಅಂದ ನಮ್ಮಣ್ಣ, ಬಲು ಗಂಭೀರವಾಗಿ. ಆಮೇಲೆ ನನ್ನ ತೋಳು ಹಿಡಿದು ಆ ಕಡೆಗೆ ಎಳೆಯತೊಡಗಿದ.

"ಬಿಡೋ! ನನ್ನ ವ್ಯಾಪಾರ ನಾನೇ ಮಾಡ್ಕೊಳ್ತೀನಿ!" ಅಂದೆ. ಬಸ್ಸಿನವನು ಹಾರನ್ ಹೊಡೆದ. "ಸುಮ್ನಿರಯ್ಯಾ ನೀನೂ!" ಎಂದು ಅವನ ಮೇಲೂ ಹರಿಹಾಯ್ದು, ಇಲ್ಪೊನ ಕಡೆಗೆ ಕೈ ಚಾಚಿದೆ.

"ರೈಯಾ."

ಅವನು ನನ್ನ ಕೈ ಹಿಡಿದ. ತನ್ನ ಹೆಸರು ಹೇಳುವುದು ಬಿಟ್ಟು ಹಿಡಿದ ಕೈಯನ್ನೇ ನೋಡುತ್ತ ನಿಂತ. ಬಸ್ಸು ಹೊರಟಿತು.

"ಹೋಯ್ತು ನೋಡು ನಿನ್ನ ಬಸ್ಸು," ಅಂದೆ. "ದಡ್ಡ ನೀನು. ಹೆಸರು ಮರೆತುಹೋಯ್ತಾ?"

"ಇಲ್ಪೊ," ಅಂದ. "ಇನ್ನೂ ಸಿಟ್ಟೇನಾ?"

"ಹೌದು. ರೋಗಕ್ಕೆ ನಮ್ಮೂರ ಹೆಸರಿಟ್ಟವರ ಮೇಲೆ ಸಿಟ್ಟು. ಆ ನಾಲ್ಕು ಜನರ ಮೇಲೆ ಸಿಟ್ಟು, ಸಾಯೋತನಕ ಇರುತ್ತೆ. ನಿನ್ನ ಮೇಲೆ ಎಲ್ಲರಿಗಿಂತ ಜಾಸ್ತಿ. ಹನ್ನೊಂದು ದಿನ ನನ್ನನ್ನ ಹೀಗೆ ಕಾಯಿಸಿದ್ಯಲ್ಲ!"

"ನಾನು ಕಾಯಿಸಿದ್ನಾ?" ಅವನ ದನಿ ಏರಿತು, ಕಿವಿ ಕೆಂಪಾಯಿತು. "ಮೊದಲು ಕೈ ಚಾಚಬೇಕಾದವಳು ನೀನಲ್ವೇನೇ!"

ಅವನು ನನ್ನ ಮೇಲೆ ರೇಗಿದ್ದು ಅದೇ ಮೊದಲು. 'ನೀನು' ಅಂದದ್ದೂ ಅದೇ ಮೊದಲು.