ಲವಂಗ ಕಚ್ಚಿದ ಡಾಕ್ಟರು

ಲಷ್ಕರ್ ಮೊಹಲ್ಲಾದ ಹೆಣ್ಣುಮಕ್ಕಳ ಸ್ಕೂಲಿಗೆ ಮಹದೇವು ಮೊದಲ ಸಲ ಬಂದದ್ದು ಅರವತ್ತಮೂರನೇ ಇಸವಿಯ ಒಂದು ಬುಧವಾರ. ಕೈಯಲ್ಲಿ ಪ್ಲಾಸ್ಟರಿನ ಹಲ್ಲಿನ ಸೆಟ್ಟು, ಕಂಕುಳಲ್ಲಿ ಮೊಳದುದ್ದದ ಬ್ರಷ್ಷು. ಬೆಂಗಳೂರಿನಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ. ಊರು ಮೈಸೂರಿನ ಪಕ್ಕದ ಮಂಡಕಳ್ಳಿ, ಹಾಗಾಗಿ ಮೈಸೂರಿನ ಸ್ಕೂಲುಗಳಿಗೆ ಹೋಗಿ ಹಲ್ಲಿನ ಪಾಠ ಹೇಳುವ ಕಾಲೇಜಿನ ಪಾಳಿ ಮೂರು ವಾರ ಅವನಿಗೇ ಬಿದ್ದಿತ್ತು.

ಕ್ಲಾಸಿನ ಹುಡುಗಿಯರ ಬಾಯಿ ಒಬ್ಬೊಬ್ಬರದಾಗಿ ನೋಡಿ, ಹಲ್ಲುಜ್ಜುವ ಬಗೆ ತೋರಿಸಿದ. ರಾತ್ರಿ ಉಜ್ಜದೆ ಮಲಗಬಾರದು, ಸಿಹಿ ಬಾಯಲ್ಲಿಟ್ಟುಕೊಂಡಂತೂ ಮಲಗಲೇಬಾರದು ಅಂದ. ಹಿಂದಿನ ಬೆಂಚಿನ ಪಕ್ಕ ನಿಂತಿದ್ದ ಕ್ಲಾಸ್ ಟೀಚರ್ ಪ್ರೇಮಲೀಲಾ ಮೆಲ್ಲಗೆ ಕೇಳಿದಳು.

“ನೀವು ದಿನಾ ರಾತ್ರಿ ಉಜ್ತೀರಾ ಡಾಕ್ಟ್ರೇ?”

“ಒಂದು ದಿನಾನೂ ತಪ್ಸಿಲ್ಲ.”

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಣ್ಣುಗಳಷ್ಟೇ ಕಂಡವು. ಅವನಿಗೆ ಅಷ್ಟೇ ಸಾಕಾಯಿತು.

ಹೇಳಿದ್ದು ಸುಳ್ಳು. ಹಲ್ಲು ಹುಳುಕಾಗುವುದು ಹೇಗೆ ಅನ್ನುವ ಪಾಠವನ್ನೇ ಅವನು ಪೆಪ್ಪರಮೆಂಟು ಚೀಪುತ್ತ ಓದಿದ್ದ. ಎಷ್ಟೋ ಸಲ ಅದು ದವಡೆಯಲ್ಲಿರುವಾಗಲೇ ಪುಸ್ತಕದ ಮೇಲೆ ನಿದ್ದೆ ಹೋಗಿದ್ದ. ಆ ಪಾಠದಲ್ಲಿ ಕ್ಲಾಸಿಗೇ ಅವನ ಮಾರ್ಕು ಜಾಸ್ತಿ. ಈಗ ಬಲಗಡೆಯ ದವಡೆ ಹಲ್ಲೊಂದು ಕಪ್ಪಗೆ ಗುಳಿಬಿದ್ದಿತ್ತು. ತುಂಬಿಸಿದರೆ ಉಳಿಯುವ ಹಲ್ಲು. ಆದರೆ ಕಾಲೇಜಿನ ಕುರ್ಚಿಯಲ್ಲಿ, ಜೊತೆಯವರೆಲ್ಲ ಸುತ್ತ ನಿಂತಿರುವಾಗ, ಬಾಯಿ ತೆರೆಯಬೇಕಲ್ಲ. ಅದೊಂದು ತನ್ನ ಕೈಲಾಗದು ಅಂದುಕೊಂಡು ಲವಂಗ ಕಚ್ಚಿಕೊಂಡು ದಿನ ನೂಕುತ್ತಿದ್ದ.

ಎರಡನೇ ಬುಧವಾರ ಕಾಫಿ ಲೋಟ ಕೈಗೆ ಕೊಡುತ್ತ ಪ್ರೇಮಲೀಲಾ ಅಂದಳು, “ನೀವು ಬಂದ್ರೆ ಸಾಕು, ಲವಂಗದ ವಾಸನೆ. ಹಲ್ಲು ನೋವಾ?” ಸೆರಗು ಮತ್ತೆ ಮೇಲೇರಿತು.

ಇಲ್ಲವೆಂದು ತಲೆಯಾಡಿಸಿದ. ಇವಳಿಗೆ ಗೊತ್ತಾಗಿಹೋಗಿದೆ, ಅದಕ್ಕೇ ನಗುತ್ತಾಳೆ. ರಾತ್ರಿಯೆಲ್ಲ ಆ ಕಣ್ಣುಗಳನ್ನು ನೆನೆದ. ನೆನೆದಾಗಲೆಲ್ಲ ಆ ಸೆರಗೂ ಬಂದು ಚುಚ್ಚಿತು. ಆ ಹುಳುಕು ಹಲ್ಲೇ ಇಲ್ಲವಾದರೆ ಅವಳೆದುರು ತಲೆಯೆತ್ತಬಹುದು ಅನ್ನಿಸಿತು.

ಶನಿವಾರ ಮಧ್ಯಾಹ್ನ ಮಾರ್ಕೆಟ್ಟಿನ ಹಿಂದೆ, ರಸ್ತೆ ಬದಿಯಲ್ಲಿ ಹಲ್ಲು ಕೀಳುವ ದೇವಯ್ಯನ ಸ್ಟೂಲಿನ ಮೇಲೆ, ತಲೆಗೆ ಟವಲು ಹೊದ್ದು ಕೂತ. ದೇವಯ್ಯ ಇಕ್ಕಳ ಒರೆಸುತ್ತ, “ಬಾಯ್ ಬುಡಿ ಸ್ವಾಮಿ” ಅಂದ. ಮಹದೇವು ಕಣ್ಣು ಮುಚ್ಚಿ ಬಾಯಿ ಬಿಟ್ಟ.

“ಡಾಕ್ಟ್ರೇ?”

ತರಕಾರಿ ಚೀಲ ಹಿಡಿದು ಪ್ರೇಮಲೀಲಾ ನಿಂತಿದ್ದಳು. ಟವಲನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡ, ಅದರಿಂದೇನೂ ಮುಚ್ಚಲಿಲ್ಲ. ನೆಲ ನೋಡುತ್ತಲೇ ಎಲ್ಲವನ್ನೂ ಹೇಳಿಬಿಟ್ಟ, ಪೆಪ್ಪರಮೆಂಟು, ಸುಳ್ಳು, ಕಾಲೇಜಿನ ಕುರ್ಚಿ.

“ಈಗ ನಗಿ,” ಅಂದ. “ಬಂದಾಗ್ಲಿಂದ ಸೆರಗಿನ ಹಿಂದೆ ನಗ್ತಾನೇ ಇದ್ದೀರಲ್ಲ.”

ಅವಳು ನಗಲಿಲ್ಲ. ದೇವಯ್ಯ ಬೀಡಿ ಹಚ್ಚಲು ಅತ್ತ ತಿರುಗುವವರೆಗೆ ಕಾದಳು. ಆಮೇಲೆ ಸೆರಗನ್ನು ಕೆಳಗಿಳಿಸಿ ತುಟಿ ಬಿಡಿಸಿದಳು. ಮೇಲುಗಡೆ, ಎದುರಿಗೇ, ಒಂದು ಹಲ್ಲಿರಲಿಲ್ಲ.

“ಹದಿನಾರು ವರ್ಷಕ್ಕೆ ಇದೇ ಸ್ಟೂಲ್ ಮೇಲೆ ಕೂತಿದ್ದೆ. ಮನೇಲಿ ಹೇಳೋಕೆ ನಾಚ್ಕೆ. ಅವತ್ತಿಂದ ಸೆರಗಿಲ್ದೆ ನಕ್ಕಿಲ್ಲ ಕಣ್ರೀ. ಲವಂಗ ನಾನೂ ಕಚ್ಚಿದೋಳೇ, ಅದಕ್ಕೇ ಕೇಳ್ದೆ. ಏಳಿ ಮೇಲೆ. ಉಳಿಯೋ ಹಲ್ಲು ಕಳ್ಕೋಬೇಡಿ.”

ನಲವತ್ತು ಹುಡುಗಿಯರ ಬಾಯಿ ನೋಡಿದವನಿಗೆ ಈ ಒಂದು ಬಾಯಿ ತಿಳಿದಿರಲಿಲ್ಲ. ಹಲ್ಲಿಗಿಂತ ಅದೇ ಹೆಚ್ಚು ನಾಚಿಕೆಯೆನಿಸಿತು. ಎದ್ದು, ಅವಳ ಕೈಯಿಂದ ಚೀಲ ತೆಗೆದುಕೊಂಡ. ಅವಳ ಮನೆಯ ತಿರುವಿನವರೆಗೂ ಅದನ್ನು ಹೊತ್ತು ನಡೆದ.

ಮೂರನೇ ಬುಧವಾರ ಹುಡುಗಿಯರಿಗೆ ಪೆಪ್ಪರಮೆಂಟಿನ ಕಥೆಯನ್ನು ತಾನೇ ಹೇಳಿದ. ಬೆಂಗಳೂರಿಗೆ ಹೋದ ವಾರದಲ್ಲಿ ಅವಳಿಗೆ ಕಾಗದ ಬರೆದ.

‘ಕುರ್ಚಿಯಲ್ಲಿ ಕೂತೆ. ಎಲ್ಲರೂ ನೋಡಿದರು, ಕೆಲವರು ನಕ್ಕರು. ಹಲ್ಲು ಉಳಿಯಿತು. ನಿಮಗೂ ಒಂದು ಹಲ್ಲು ಕಟ್ಟಿಕೊಡಬಲ್ಲೆ, ನಿಮಗೆ ಬೇಕೆಂದರೆ ಮಾತ್ರ. ಹೆಣ್ಣು ಕೇಳಲು ಬರುವ ಮುಂಚೆ ನಮ್ಮವ್ವ ಫೋಟೋ ನೋಡಬೇಕಂತೆ. ಕಳಿಸುತ್ತೀರಾ?’

ಹತ್ತು ದಿನಕ್ಕೆ ಲಕೋಟೆ ಬಂತು. ಒಳಗೆ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಸೆರಗು ಹೆಗಲ ಮೇಲೇ ಇತ್ತು. ಪ್ರೇಮಲೀಲಾ ಬಾಯ್ತುಂಬ ನಗುತ್ತಿದ್ದಳು, ಹಲ್ಲಿಲ್ಲದ ಜಾಗ ಸ್ಪಷ್ಟವಾಗಿ ಕಾಣುವಂತೆ.

ಹಿಂದೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಕಟ್ಟುವ ಹಲ್ಲು ಆಮೇಲೆ. ನಿಮ್ಮವ್ವನಿಗೆ ಇದನ್ನೇ ತೋರಿಸಿ.’